ಕುದುರೆಯನ್ನು ಕಾಲಿನಿಂದ ನೋಡಬೇಕು

ಕಳೆದ ಡಿಸೆಂಬರ್‌ನಲ್ಲಿ ನಾನು ಮೂರು ದಿನ ಕಾಲೇಜಿಗೆ ಬಂದಿರಲಿಲ್ಲ. ರಜೆ ಅರ್ಜಿಯಲ್ಲಿ ಸುಳ್ಳು ಕಾರಣ ಬರೆಯಲು ಮನಸ್ಸಾಗದೆ ‘ಕುದುರೆ ಸ್ಪರ್ಧೆಗೆ ಹೋಗಿದ್ದೆ’ ಎಂದೇ ಬರೆದೆ. ಇಡೀ ತರಗತಿ ನಕ್ಕಿತು. ನಮ್ಮ ಜೀವಶಾಸ್ತ್ರದ ಸರ್ ಮಾತ್ರ ನಗಲಿಲ್ಲ. “ಕುದುರೆ ಎಷ್ಟು ಎತ್ತರ? ಯಾವ ತಳಿ? ಪರೀಕ್ಷೆ ಮಾಡಿದವರು ಏನು ನೋಡಿದರು?” ಎಂದು ಕೇಳಿದರು. ಮೊದಲ ಎರಡು ಪ್ರಶ್ನೆಗೆ ಉತ್ತರ ಹೇಳಿದೆ. ಮೂರನೆಯದಕ್ಕೆ ತಲೆ ತಗ್ಗಿಸಿ ನಿಂತೆ. “ಹಾಗಾದರೆ ಬರೆದು ಕೊಡು” ಎಂದರು. ಆಗ ಬರೆಯಲು ಧೈರ್ಯ ಬರಲಿಲ್ಲ. ಈಗ ದ್ವಿತೀಯ ಪಿಯುಸಿಗೆ ಬಂದಿದ್ದೇನೆ, ಕುದುರೆಯೂ ಚೇತರಿಸಿಕೊಂಡಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯ ಚುಟ್ಕಿ

ನಮ್ಮದು ಕಮಲಾಪುರ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕಲಬುರಗಿಗೆ ಬರುವವರಲ್ಲಿ ನಾನೂ ಒಬ್ಬ. ನಮ್ಮ ದಾದಾ ಕಲಬುರಗಿಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ಸ್ಟೇಷನ್‌ನಿಂದ ಸೂಪರ್ ಮಾರ್ಕೆಟ್‌ವರೆಗೆ ಎಷ್ಟು ಸಲ ಓಡಾಡಿದ್ದಾರೋ ಲೆಕ್ಕವಿಲ್ಲ. ಆಟೋಗಳು ಬಂದ ಮೇಲೆ ಟಾಂಗಾ ನಿಂತಿತು. ಅಬ್ಬಾ ಸಾಲ ಮಾಡಿ ಒಂದು ಆಟೋ ತೆಗೆದುಕೊಂಡರು. ಆದರೆ ಮನೆಯಲ್ಲಿ ಕುದುರೆ ಇಲ್ಲದೆ ದಾದಾ ಅವರಿಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಮದುವೆ ಮೆರವಣಿಗೆಗೆ ಒಂದು ಬಿಳಿ ಕುದುರೆ, ಜಾತ್ರೆ ಮತ್ತು ಉರುಸುಗಳಲ್ಲಿ ಚಿಕ್ಕ ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸಲು ಒಂದು ತಟ್ಟು, ಇಷ್ಟು ಉಳಿದಿವೆ. ಆ ತಟ್ಟುವಿನ ಹೆಸರು ಚುಟ್ಕಿ. ನನ್ನ ತಂಗಿ ಟಿವಿಯಲ್ಲಿ ಛೋಟಾ ಭೀಮ್ ನೋಡಿ ಇಟ್ಟ ಹೆಸರು ಅದು.

ಕುದುರೆ ಸಾಕುವವರು ಕಡಿಮೆಯಾಗಿರುವುದು ನಮ್ಮ ಓಣಿಯಲ್ಲಿ ಮಾತ್ರವಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಉಳಿದಿರುವ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ. 2012ರ ಗಣತಿಗೆ ಹೋಲಿಸಿದರೆ ಇದು ಶೇ. 45.6ರಷ್ಟು ಕಡಿಮೆ. ಏಳು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದೆ. ಕುದುರೆಗಳ ಜೊತೆಗೆ ಅವುಗಳನ್ನು ನೋಡಿ ತಿಳಿಯುವ ಕಣ್ಣೂ ಕಡಿಮೆಯಾಗುತ್ತಿದೆ. ನಮ್ಮ ಮನೆಯಲ್ಲಿಯೇ ಅದು ಹೇಗೆ ಗೊತ್ತಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ತಟ್ಟು ಬೇರೆ, ಮಿನಿಯೇಚರ್ ಬೇರೆ, ಕುಬ್ಜ ಬೇರೆ

ಚುಟ್ಕಿಯ ಫೋಟೋ ನೋಡಿದ ಗೆಳೆಯರು “ಇದು ಮಿನಿಯೇಚರ್ ಕುದುರೆ ಅಲ್ಲವೇನೋ?” ಎಂದು ಕೇಳುತ್ತಾರೆ. ಅಲ್ಲ. ಕುದುರೆಯ ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ. ಕುದುರೆ ತಲೆ ಎತ್ತಿದರೆ ಒಂದು ಅಳತೆ, ಇಳಿಸಿದರೆ ಇನ್ನೊಂದು ಅಳತೆ ಬರುತ್ತದೆ. ಅದಕ್ಕಾಗಿ ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಉಬ್ಬಿರುವ ಹೆಗಲ ಮೂಳೆಯವರೆಗೆ ಅಳೆಯುತ್ತಾರೆ. ಲೆಕ್ಕ ‘ಹ್ಯಾಂಡ್’ನಲ್ಲಿ ಇರುತ್ತದೆ. ಒಂದು ಹ್ಯಾಂಡ್ ಎಂದರೆ 4 ಇಂಚು, ಅಂದರೆ 10.16 ಸೆಂ.ಮೀ. ಚುಟ್ಕಿ 11 ಹ್ಯಾಂಡ್, ಸುಮಾರು 112 ಸೆಂ.ಮೀ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಲಾಳವಿಲ್ಲದೆ 148 ಸೆಂ.ಮೀ. ಮೀರದ ಕುದುರೆಯನ್ನು ಪೋನಿ ಎನ್ನುತ್ತಾರೆ. ನಾವು ತಟ್ಟು ಎನ್ನುವುದು ಇದನ್ನೇ.

ಮಿನಿಯೇಚರ್ ಕುದುರೆ ಇದಕ್ಕಿಂತ ಬಹಳ ಚಿಕ್ಕದು. ಅಮೆರಿಕದಲ್ಲಿ ಇವುಗಳ ನೋಂದಣಿಗೆ ಎರಡು ದೊಡ್ಡ ಸಂಸ್ಥೆಗಳಿವೆ. ಒಂದು 1972ರಲ್ಲಿ ಶುರುವಾದದ್ದು, ಇನ್ನೊಂದು 1978ರಲ್ಲಿ. 1978ರ ಸಂಸ್ಥೆಯ ಮಿತಿ 34 ಇಂಚು, ಅಂದರೆ ಸುಮಾರು 86 ಸೆಂ.ಮೀ. 1972ರದ್ದು 34 ಇಂಚಿನವರೆಗೆ ಒಂದು ವಿಭಾಗ, ಅಲ್ಲಿಂದ 38 ಇಂಚಿನವರೆಗೆ ಇನ್ನೊಂದು ವಿಭಾಗ ಎಂದು ಇಟ್ಟುಕೊಂಡಿದೆ. ಅವರು ಅಳೆಯುವ ಜಾಗವೂ ಬೇರೆ. ಕತ್ತಿನ ಕೂದಲು ಎಲ್ಲಿ ಮುಗಿಯುತ್ತದೆಯೋ ಆ ಕೊನೆಯ ಕೂದಲಿನ ಬುಡದವರೆಗೆ ಅಳೆಯುತ್ತಾರೆ. ಅದು ಹೆಗಲ ಮೂಳೆಗಿಂತ ಸ್ವಲ್ಪ ಕೆಳಗೆ ಬರುವುದರಿಂದ ಅದೇ ಕುದುರೆ ಆ ಲೆಕ್ಕದಲ್ಲಿ ಇನ್ನೂ ಗಿಡ್ಡ ಎನಿಸುತ್ತದೆ.

ಇಂಥ ಕುದುರೆಗಳ ರಾಷ್ಟ್ರೀಯ ಪ್ರದರ್ಶನ ಒಕ್ಲಹೋಮಾ ರಾಜ್ಯದ ತುಲ್ಸಾ ನಗರದಲ್ಲಿ ಬಹಳ ವರ್ಷಗಳಿಂದ ನಡೆಯುತ್ತಿದೆ. ಅದರ ಬಗ್ಗೆ ಓದಿದಾಗ ನನಗೆ ಒಂದು ವಿಷಯ ಹಿಡಿಸಿತು. ಅಲ್ಲಿ ದೊಡ್ಡವರು ಯಾರೂ ಕುದುರೆಯ ಮೇಲೆ ಕೂರುವುದಿಲ್ಲ, ಕೂರಲು ಆಗುವುದೂ ಇಲ್ಲ. ಕುದುರೆಯನ್ನು ಹಗ್ಗ ಹಿಡಿದು ನಡೆಸಿ ಮೈಕಟ್ಟು ತೋರಿಸುವುದು ಒಂದು ಸ್ಪರ್ಧೆ. ಚಿಕ್ಕ ಗಾಡಿ ಕಟ್ಟಿ ಓಡಿಸುವುದು ಇನ್ನೊಂದು. ಅಡ್ಡಗಟ್ಟೆ ಹಾರಿಸುವಾಗ ಹಗ್ಗ ಹಿಡಿದವರೂ ಪಕ್ಕದಲ್ಲಿ ಓಡಬೇಕು. ಸೇತುವೆ, ಗೇಟು ಮುಂತಾದ ಅಡೆತಡೆಗಳನ್ನು ಕುದುರೆ ಹೆದರದೆ ದಾಟುವುದು ಮತ್ತೊಂದು. ಎಲ್ಲದರಲ್ಲಿಯೂ ನೋಡುವುದು ಎರಡನ್ನೇ: ಕುದುರೆಯ ದೇಹ ಸರಿಯಾಗಿದೆಯೇ, ಅದು ತನ್ನ ಮನುಷ್ಯನನ್ನು ನಂಬುತ್ತದೆಯೇ.

ಗಿಡ್ಡ ಎಂದ ಕೂಡಲೇ ಎಲ್ಲ ಒಂದೇ ಅಲ್ಲ. ಒಳ್ಳೆಯ ಮಿನಿಯೇಚರ್ ಎಂದರೆ ದೊಡ್ಡ ಕುದುರೆಯ ಅಳತೆಗಳೆಲ್ಲ ಸಮನಾಗಿ ಕಡಿಮೆಯಾಗಿರಬೇಕು. ಫೋಟೋದಲ್ಲಿ ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಅದು ಚಿಕ್ಕದು ಎಂದು ಗೊತ್ತೇ ಆಗಬಾರದು. ಕುಬ್ಜ ಕುದುರೆ ಹಾಗಲ್ಲ. ಅದಕ್ಕೆ ತಲೆ ದೊಡ್ಡದು, ಕಾಲು ಮೋಟು ಮತ್ತು ಡೊಂಕು, ಜೀವನವಿಡೀ ನೋವು. ಮಿನಿಯೇಚರ್ ಕುದುರೆಗಳಲ್ಲಿ ಇದಕ್ಕೆ ಎಸಿಎಎನ್ ಎಂಬ ವಂಶವಾಹಿಯ ದೋಷ ಒಂದು ಕಾರಣ. ಇದು ಅಪ್ರಭಾವಿ ದೋಷ. ನಾವು ಮೆಂಡಲ್ ಪಾಠದಲ್ಲಿ ಓದಿದಂತೆ ತಂದೆ ತಾಯಿ ಇಬ್ಬರೂ ಒಂದೇ ದೋಷದ ವಾಹಕರಾಗಿದ್ದರೆ ಪ್ರತಿ ಮರಿಯಲ್ಲೂ ಅದು ಕಾಣಿಸಿಕೊಳ್ಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದಲೇ ಕುಬ್ಜ ಲಕ್ಷಣವಿರುವ ಕುದುರೆಗೆ ಆ ಸಂಸ್ಥೆಗಳು ನೋಂದಣಿ ಕೊಡುವುದಿಲ್ಲ. ಚಿಕ್ಕದಾದಷ್ಟೂ ಒಳ್ಳೆಯದು ಎಂದು ಜನ ತಿಳಿದರೆ ನೋವು ತಿನ್ನುವುದು ಕುದುರೆ.

ನಮ್ಮ ನೆಲದ ಕುದುರೆ ಸಂತೆಗಳು

ತುಲ್ಸಾ ನಮಗೆ ದೂರ. ಆದರೆ ದೇಶದ ಕುದುರೆಗಳೆಲ್ಲ ಒಂದೆಡೆ ಸೇರುವ ಸಂತೆ ನಮ್ಮ ಜಿಲ್ಲೆಯಲ್ಲೇ ಇತ್ತು. ಸುಮಾರು 1470ರ ಹೊತ್ತಿಗೆ ರಷ್ಯಾದ ತ್ವೆರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿ ರಾಜ್ಯಕ್ಕೆ ಬಂದಿದ್ದ. ಮಾರಲೆಂದು ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ತಂದಿದ್ದ. ಅದನ್ನು ತಿಂಗಳುಗಟ್ಟಲೆ ಸಾಕಿ, ಕೈ ಬರಿದು ಮಾಡಿಕೊಂಡು, ಕೊನೆಗೆ ಬೀದರ್‌ನಲ್ಲಿ ಮಾರಿದ. ಬೀದರ್‌ನಿಂದ 12 ಕೋಸು ದೂರದಲ್ಲಿ ಶೇಖ್ ಅಲಾವುದ್ದೀನರ ಸಮಾಧಿ ಇರುವ ಊರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಸಂತೆ ಕೂಡುತ್ತದೆ, ಅಲ್ಲಿಗೆ 20,000ದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಅವನು ಬರೆದಿಟ್ಟಿದ್ದಾನೆ. ಆ ಊರು ನಮ್ಮ ಆಳಂದವೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಲಾಡ್ಲೆ ಮಶಾಯಖ್ ದರ್ಗಾಕ್ಕೆ ಹೋಗುವಾಗ ಇನ್ನು ಮುಂದೆ ಈ ಮಾತು ನೆನಪಿರಲಿ.

ನಿಕಿತಿನ್ ಇನ್ನೊಂದು ವಿಷಯವನ್ನೂ ಗಮನಿಸಿದ್ದ. ಇಲ್ಲಿಯವರು ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಮತ್ತು ಎಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದು. ಈ ಸಾಲನ್ನು ಮರೆಯಬೇಡಿ, ಮತ್ತೆ ಬರುತ್ತದೆ.

ಅರಬ್ ಮತ್ತು ಪರ್ಷಿಯಾದ ದೊಡ್ಡ ಕುದುರೆಗಳ ಜೊತೆ ದಖ್ಖನಿನದೇ ಆದ ಸಣ್ಣ ಕುದುರೆಯೂ ಇತ್ತು. ಭೀಮಾ ನದಿಯ ದಡದ್ದಾದ್ದರಿಂದ ಅದು ಭೀಮಥಡಿ. ನಮ್ಮ ಕನ್ನಡದ ‘ತಡಿ’ಯೇ ಅಲ್ಲಿ ‘ಥಡಿ’. ಮರಾಠಾ ಸೈನ್ಯಕ್ಕೆ ಹೆಸರು ತಂದ ಕುದುರೆ ಇದು. ಅಫಜಲಪುರ, ಜೇವರ್ಗಿ ಕಡೆಯವರಿಗೆ ಭೀಮಾ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಹೊಲಗಳಲ್ಲಿ ಕುರಿ ತರುಬಲು ಬರುವ ಧನಗರರು ಹಾಸಿಗೆ, ಪಾತ್ರೆ, ಕೋಳಿ, ಎಳೆ ಕುರಿಮರಿ ಎಲ್ಲವನ್ನೂ ಗಿಡ್ಡ ಕುದುರೆಯ ಮೇಲೆ ಹೇರಿಕೊಂಡು ಬರುವುದನ್ನು ನೀವು ನೋಡಿರಬಹುದು. 2023–24ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಭೀಮಥಡಿಯನ್ನು ಪ್ರತ್ಯೇಕ ತಳಿ ಎಂದು ನೋಂದಾಯಿಸಿತು. ಮಾರ್ವಾಡಿ, ಕಾಠಿಯಾವಾಡಿ, ಮಣಿಪುರಿಗಳ ಸಾಲಿಗೆ ದಖ್ಖನಿನ ಕುದುರೆಯೂ ಸೇರಿತು. ಚುಟ್ಕಿಗೆ ತಳಿಯ ಕಾಗದ ಯಾವುದೂ ಇಲ್ಲ. ಅವಳ ತಾಯಿಯನ್ನು ದಾದಾ ಧನಗರರಿಂದಲೇ ಕೊಂಡದ್ದು.

ಈಗ ನಮಗೆ ಹತ್ತಿರದ ದೊಡ್ಡ ಕುದುರೆ ಸಂತೆ ಎಂದರೆ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯ ಮಾಳೆಗಾಂವ್. ಖಂಡೋಬಾ ಜಾತ್ರೆಯ ಹೊತ್ತಿಗೆ, ಮಾರ್ಗಶಿರ ಮಾಸದ ಕೊನೆಗೆ, ಅಲ್ಲಿ ಕುದುರೆ, ಕತ್ತೆ, ಒಂಟೆಗಳ ವ್ಯಾಪಾರ ನಡೆಯುತ್ತದೆ. ಬೇರೆ ಬೇರೆ ರಾಜ್ಯಗಳಿಂದ ಜನ ಬರುತ್ತಾರೆ. ಕುದುರೆ ಪ್ರದರ್ಶನವೂ ಇರುತ್ತದೆ. ಚುಟ್ಕಿಯನ್ನು ಅಲ್ಲಿಗೆ ಒಯ್ಯಬೇಕೆಂದು ಅಬ್ಬಾ ನಿರ್ಧರಿಸಿದರು. ಕಾರಣ ಬಹುಮಾನವಲ್ಲ. ಆಟೋ ಸಾಲದ ಕಂತು ನಾಲ್ಕು ತಿಂಗಳು ಬಾಕಿ ಇತ್ತು. ಪ್ರದರ್ಶನದಲ್ಲಿ ನಿಂತ ಕುದುರೆಗೆ ಒಳ್ಳೆಯ ಬೆಲೆ ಬರುತ್ತದೆ.

ತಯಾರಿ: ಸರಿಯಾಗಿ ಮಾಡಿದ್ದು ಮತ್ತು ತಪ್ಪಾಗಿ ಮಾಡಿದ್ದು

ಸರಿಯಾಗಿ ಮಾಡಿದ್ದನ್ನು ಮೊದಲು ಹೇಳುತ್ತೇನೆ. ಎರಡು ತಿಂಗಳು ದಿನಾ ಸಂಜೆ ಚುಟ್ಕಿಗೆ ನಾಲ್ಕು ಕಾಲನ್ನೂ ಸಮನಾಗಿ ಊರಿ ನಿಲ್ಲುವುದನ್ನು ಕಲಿಸಿದೆ. ಹಗ್ಗ ಎಳೆಯದೆ ನನ್ನ ಹೆಗಲಿಗೆ ಸಮನಾಗಿ ನಡೆಯುವುದು, ನಾನು ನಿಂತರೆ ನಿಲ್ಲುವುದು, ಹೊಸಬರು ಕಾಲು ಎತ್ತಿದರೆ ಒದೆಯದಿರುವುದು, ಇವೆಲ್ಲ ಅಭ್ಯಾಸವಾಯಿತು. ದಾದಾ ಕೂತು ನೋಡುತ್ತಿದ್ದರು. ಪ್ರತಿ ಸಲ ಗೊರಸು ಎತ್ತುವ ಮೊದಲು ಬಿಸ್ಮಿಲ್ಲಾ ಹೇಳಿ, ಭುಜದಿಂದ ಕೆಳಕ್ಕೆ ಕೈ ಸವರುತ್ತ ಬರಬೇಕು ಎಂದು ಹೇಳಿಕೊಟ್ಟರು. ಕೈ ಎಲ್ಲಿದೆ ಎಂದು ಕುದುರೆಗೆ ಮೊದಲೇ ಗೊತ್ತಿದ್ದರೆ ಅದು ಬೆದರುವುದಿಲ್ಲ.

ಸಂತೆಗೆ ಒಯ್ಯುವ ಮೊದಲು ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಮಾಡಿಸಿದೆವು, ಗ್ಲಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆಯೂ ಆಯಿತು. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ, ಕುದುರೆಯಿಂದ ಮನುಷ್ಯರಿಗೂ ಅಂಟುತ್ತದೆ. ನೂರಾರು ಕುದುರೆಗಳು ಒಂದೇ ನೀರಿನ ತೊಟ್ಟಿಗೆ ಬಾಯಿ ಹಾಕುವ ಕಡೆ ಈ ಪರೀಕ್ಷೆ ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ತಪ್ಪು. ಸಂತೆಯಲ್ಲಿ ಕುದುರೆ ಮೈ ತುಂಬಿಕೊಂಡು ಮಿಂಚಬೇಕು ಎಂದು ನಾವೆಲ್ಲ ನಂಬಿದ್ದೆವು. ನೆನೆಸಿದ ಕಡಲೆ ದಿನಕ್ಕೆ ಎರಡು ಕಿಲೋ, ಬೆಲ್ಲ, ಗೋಧಿ ಹೊಟ್ಟು, ಮೇಲೆ ಎಣ್ಣೆ. ನಿಕಿತಿನ್ ಕಂಡ ಖಿಚಡಿಗೂ ನಮ್ಮದಕ್ಕೂ ಬಹಳ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಕುದುರೆಯಲ್ಲಿ. ಅವು ದಿನವಿಡೀ ಸವಾರನನ್ನು ಹೊತ್ತು ದಣಿಯುವ ದೊಡ್ಡ ಕುದುರೆಗಳು. ನಮ್ಮದು ಸಂಜೆ ಅರ್ಧ ಗಂಟೆ ನಡೆಯುವ ತಟ್ಟು.

ಇದರ ಮೇಲೆ ಬಾಳೆಹಣ್ಣು. ಕಮಲಾಪುರದ ಕೆಂಪು ಬಾಳೆ ನಿಮಗೆಲ್ಲ ಗೊತ್ತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಅದು. ಪಕ್ಕದ ತೋಟದ ಕಾಕಾ ಮಾರುಕಟ್ಟೆಗೆ ಹೋಗದಷ್ಟು ಕಳಿತ ಹಣ್ಣನ್ನು ಬುಟ್ಟಿಗಟ್ಟಲೆ ಕೊಡುತ್ತಿದ್ದರು. “ತಿನ್ನಸ್ರೋ ತಮ್ಮಾ, ನಮ್ಮ ಊರ ಹಣ್ಣು ತಿಂದ ಕುದ್ರಿ ಅದ, ನಂಬರ್ ಬಂದೇ ಬರ್ತದ” ಎನ್ನುತ್ತಿದ್ದರು. ಚುಟ್ಕಿಯೂ ಅವರ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಪ್ರೀತಿಯಿಂದ ಕೊಟ್ಟದ್ದು. ಅವರದ್ದೇನೂ ತಪ್ಪಿಲ್ಲ, ತಿಳಿಯದೆ ತಿನ್ನಿಸಿದವರು ನಾವು.

ದಾದಾ ಒಂದೆರಡು ಸಲ “ಕತ್ತು ಗಟ್ಟಿಯಾಗ್ತಿದೆ” ಎಂದಿದ್ದರು. ನಾವು ಅದನ್ನು ಹೊಗಳಿಕೆ ಎಂದು ತಿಳಿದೆವು.

ಮಾಳೆಗಾಂವ್‌ನಲ್ಲಿ

ಪಿಕಪ್ ಗಾಡಿಯಲ್ಲಿ ಹುಲ್ಲು ಹಾಸಿ ರಾತ್ರಿ ಹೊರಟೆವು. ಹುಮನಾಬಾದ್, ಬೀದರ್, ಉದಗೀರ್, ಅಹಮದ್‌ಪುರ ದಾಟಿ ಬೆಳಗಿನ ಜಾವ ತಲುಪಿದೆವು. ದಾರಿಯಲ್ಲಿ ಎರಡು ಕಡೆ ಇಳಿಸಿ ನೀರು ಕುಡಿಸಿದೆವು. ಇಳಿಯುವಾಗ ಚುಟ್ಕಿ ಸ್ವಲ್ಪ ಹಿಂಜರಿದಳು. ಪ್ರಯಾಣದ ದಣಿವು ಎಂದುಕೊಂಡೆ.

ಅಷ್ಟು ಕುದುರೆಗಳನ್ನು ನಾನು ಎಂದೂ ನೋಡಿರಲಿಲ್ಲ. ಕಿವಿ ತುದಿ ಒಂದಕ್ಕೊಂದು ತಾಗುವ ಮಾರ್ವಾಡಿ ಕುದುರೆಗಳು, ಡೋಲಿನ ತಾಳಕ್ಕೆ ಕುಣಿಯುವ ಕುದುರೆಗಳು, ಕಾಲಿಗೆ ಗೆಜ್ಜೆ, ಹಣೆಗೆ ಕನ್ನಡಿ. ನಮ್ಮ ಚುಟ್ಕಿಗೂ ಅಮ್ಮಿ ಹೊಲಿದುಕೊಟ್ಟ ಹಸಿರು ಹಣೆಪಟ್ಟಿ ಕಟ್ಟಿದ್ದೆ. ಖರಾರಾದಿಂದ ಉಜ್ಜಿ ಉಜ್ಜಿ ಮೈ ಕನ್ನಡಿಯಂತಾಗಿತ್ತು. ಸ್ಪರ್ಧೆಗೆ ಮೊದಲೇ ಒಬ್ಬ ವ್ಯಾಪಾರಿ ಬಂದು ಸುತ್ತಲೂ ನೋಡಿ 52,000 ರೂಪಾಯಿ ಎಂದರು. ಅಬ್ಬಾ “ಮೈದಾನದಿಂದ ಬಂದ ಮೇಲೆ ಮಾತಾಡೋಣ” ಎಂದರು. ಅವರ ಮುಖದಲ್ಲಿ ಆ ನಗು ನೋಡಿ ಬಹಳ ದಿನವಾಗಿತ್ತು.

ಕುದುರೆಗಳನ್ನು ಪರೀಕ್ಷಿಸಲು ಬಂದ ಪಶುವೈದ್ಯರು ಹಣೆಪಟ್ಟಿಯನ್ನು ನೋಡಲೇ ಇಲ್ಲ. ಅವರು ಬಗ್ಗಿ ಕಾಲಿನಿಂದ ಶುರು ಮಾಡಿದರು. ಪ್ರತಿಯೊಂದು ಕುದುರೆಗೂ ಹಾಗೆಯೇ ಮಾಡುವುದನ್ನು ಸಾಲಿನಲ್ಲಿ ನಿಂತೇ ಗಮನಿಸಿದೆ. ಅವರು ನೋಡಿದ ಕ್ರಮ ಇದು:

ಮೊದಲು ಮುಂದೆ ನಿಂತು ಮುಂಗಾಲು ನೋಡಿದರು. ಭುಜದ ತುದಿಯಿಂದ ತೂಗುಗುಂಡು ಬಿಟ್ಟರೆ ದಾರ ಮೊಣಕಾಲು, ಗೊರಸುಗಳ ನಡುವೆ ಹಾದು ಹೋಗಬೇಕು. ಡೊಂಕಿದ್ದರೆ ಭಾರ ಒಂದೇ ಬದಿಗೆ ಬೀಳುತ್ತದೆ. ಆಮೇಲೆ ಗೊರಸು ಎತ್ತಿ ಅಂಗಾಲು ನೋಡಿದರು. ನಂತರ ತುಟಿ ಬಿಡಿಸಿ ಹಲ್ಲು. ಕುದುರೆಗೆ ಮುಂದಿನ ಹಲ್ಲುಗಳಲ್ಲಿ ನಡುವಿನ ಜೋಡಿ ಎರಡೂವರೆ ವರ್ಷಕ್ಕೆ, ಪಕ್ಕದ ಜೋಡಿ ಮೂರೂವರೆಗೆ, ಕೊನೆಯ ಜೋಡಿ ನಾಲ್ಕೂವರೆಗೆ ಬದಲಾಗುತ್ತವೆ. ಐದಕ್ಕೆ ಬಾಯಿ ತುಂಬುತ್ತದೆ. ಮಾಲೀಕ ಹೇಳಿದ ವಯಸ್ಸು ನಿಜವೋ ಅಲ್ಲವೋ ಎಂದು ಹಲ್ಲು ಹೇಳುತ್ತದೆ. ಕೊನೆಗೆ ಕುದುರೆಯನ್ನು ದೂರ ನಡೆಸಿ ವಾಪಸ್ ಓಡಿಸಲು ಹೇಳಿದರು. ಮುಂಗಾಲು ನೋಯುವ ಕುದುರೆ ಓಡುವಾಗ ನೋವಿನ ಕಾಲು ನೆಲಕ್ಕೆ ತಾಗಿದಾಗ ತಲೆ ಎತ್ತುತ್ತದೆ, ಒಳ್ಳೆಯ ಕಾಲು ತಾಗಿದಾಗ ತಲೆ ಇಳಿಸುತ್ತದೆ. ಬಣ್ಣ, ಸುಳಿ, ಹೊಳಪು ಇವೆಲ್ಲ ಇವುಗಳ ನಂತರದ ಮಾತು.

ನನ್ನ ಸರದಿ ಬಂತು. ಚುಟ್ಕಿ ಕಲಿಸಿದಂತೆ ನಿಂತಳು. ಆದರೆ ಮುಂಗಾಲುಗಳನ್ನು ಸ್ವಲ್ಪ ಮುಂದಕ್ಕೆ ಚಾಚಿ, ಭಾರ ಹಿಂದಕ್ಕೆ ಹಾಕಿ ನಿಂತಿದ್ದಳು. ಅದು ಠೀವಿ ಎಂದು ನಾನು ತಿಳಿದಿದ್ದೆ. ವೈದ್ಯರು ಗೊರಸಿನ ಮೇಲೆ ಅಂಗೈ ಇಟ್ಟರು. ಕಾಲಿನ ಹಿಂದೆ, ಗೊರಸಿಗಿಂತ ಸ್ವಲ್ಪ ಮೇಲೆ, ಎರಡು ಬೆರಳಿಟ್ಟು ನಾಡಿ ನೋಡಿದರು. ಕತ್ತಿನ ಮೇಲ್ಭಾಗ ಹಿಡಿದು ಅಲುಗಿಸಿದರು. ಅದು ಹಲಗೆಯಂತೆ ಗಟ್ಟಿಯಾಗಿತ್ತು. ಆಮೇಲೆ ಗೊರಸಿನ ಮೇಲಿನ ಉಬ್ಬು ಗೆರೆಗಳನ್ನು ಹೆಬ್ಬೆರಳಿನಿಂದ ಮುಟ್ಟಿ, ಹಿಂದಿಯಲ್ಲಿ ಕೇಳಿದರು: “ಎರಡು ತಿಂಗಳ ಹಿಂದೆ ಮೇವು ಬದಲಾಯಿಸಿದಿರಾ?”

ನಾನು ಬೆರಗಾದೆ. ಅವರಿಗೆ ಹೇಗೆ ಗೊತ್ತು? ಅಬ್ಬಾ ಹೆಮ್ಮೆಯಿಂದಲೇ ಕಡಲೆ, ಬೆಲ್ಲ, ಬಾಳೆಹಣ್ಣು ಎಲ್ಲ ಹೇಳಿದರು. ವೈದ್ಯರು ಬೈಯಲಿಲ್ಲ. “ಇವಳನ್ನು ಓಡಿಸಬೇಡಿ. ಸಾಲಿನಿಂದ ಮೆಲ್ಲಗೆ ಹೊರಗೆ ತನ್ನಿ, ಮೆತ್ತಗಿನ ನೆಲದ ಮೇಲೆ ನಿಲ್ಲಿಸಿ. ಇವಳಿಗೆ ಕಾಲು ನೋಯುತ್ತಿದೆ” ಎಂದರು.

ಎರಡು ತಿಂಗಳು ಅವಳ ಪಕ್ಕದಲ್ಲೇ ನಡೆದ ನನಗೆ ಅದು ಗೊತ್ತಾಗಿರಲಿಲ್ಲ.

ಗೊರಸಿನ ಒಳಗೆ ಏನಾಗುತ್ತದೆ?

ಈ ಕಾಯಿಲೆಗೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಕುದುರೆಯ ಗೊರಸು ನಮ್ಮ ಉಗುರಿನಂಥ ವಸ್ತುವಿನಿಂದ ಆದ ಪೆಟ್ಟಿಗೆ. ಅದರೊಳಗೆ ಕಾಲಿನ ಕೊನೆಯ ಮೂಳೆ ಇದೆ. ಮೂಳೆ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿಲ್ಲ, ಪುಸ್ತಕದ ಹಾಳೆಗಳಂತೆ ಒಂದರೊಳಗೊಂದು ಸೇರಿಕೊಂಡ ನೂರಾರು ತೆಳು ಪದರಗಳು ಅದನ್ನು ಗೋಡೆಗೆ ಹಿಡಿದು ತೂಗುಹಾಕಿವೆ. ಇಡೀ ಕುದುರೆಯ ಭಾರ ಆ ಪದರಗಳ ಮೇಲಿದೆ. ಅವು ಊದಿಕೊಂಡು ಸಡಿಲವಾದರೆ ಮೂಳೆ ಜಾರುತ್ತದೆ. ಹೆಚ್ಚಾದರೆ ಅಂಗಾಲಿನ ಕಡೆಗೆ ತಿರುಗಿಬಿಡುತ್ತದೆ. ಅಷ್ಟಾದರೆ ಕುದುರೆ ಮತ್ತೆ ಏಳುವುದೇ ಕಷ್ಟ.

ಮೇವಿಗೂ ಗೊರಸಿಗೂ ಏನು ಸಂಬಂಧ? ಎರಡು ದಾರಿಗಳಿವೆ. ಒಂದು, ಕಾಳಿನ ಪಿಷ್ಟ ಅತಿಯಾದರೆ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಹುಲ್ಲು ಕೊಳೆಸುವ ಬ್ಯಾಕ್ಟೀರಿಯಾಗಳ ಸಮತೋಲನ ಕೆಟ್ಟು ಆಮ್ಲ ಹೆಚ್ಚುತ್ತದೆ, ವಿಷ ವಸ್ತುಗಳು ರಕ್ತಕ್ಕೆ ಸೇರುತ್ತವೆ. ಎರಡು, ಸಿಹಿ ಹೆಚ್ಚಾದಂತೆ ಇನ್ಸುಲಿನ್ ಹೆಚ್ಚುತ್ತದೆ. ಬಹಳ ದಿನ ಇನ್ಸುಲಿನ್ ಮೇಲೆಯೇ ಇದ್ದರೆ ಆ ಪದರಗಳು ಬಲ ಕಳೆದುಕೊಳ್ಳುತ್ತವೆ. ತಟ್ಟುಗಳಲ್ಲಿಯೂ ಮಿನಿಯೇಚರ್‌ಗಳಲ್ಲಿಯೂ ಈ ಎರಡನೆಯದು ಬಹಳ ಸಾಮಾನ್ಯ. ಒಣ ಹುಲ್ಲಿನಲ್ಲೇ ಬದುಕುವಂತೆ ತಲೆಮಾರುಗಳಿಂದ ಒಗ್ಗಿದ ದೇಹ ಅವುಗಳದ್ದು. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ ಇರುವವರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ವೈದ್ಯರಿಗೆ ತಿಂಗಳ ಲೆಕ್ಕ ಸಿಕ್ಕಿದ್ದು ಹೇಗೆಂದರೆ, ಗೊರಸು ಮೇಲಿನಿಂದ ಕೆಳಕ್ಕೆ ತಿಂಗಳಿಗೆ ಸುಮಾರು 8ರಿಂದ 10 ಮಿ.ಮೀ. ಬೆಳೆಯುತ್ತದೆ. ತೊಂದರೆಯಾದ ದಿನದ ಗುರುತು ಉಬ್ಬು ಗೆರೆಯಾಗಿ ಉಳಿಯುತ್ತದೆ. ಚುಟ್ಕಿಯ ಮೊದಲ ಗೆರೆ ಕೂದಲಿನ ಅಂಚಿನಿಂದ ಸುಮಾರು 2 ಸೆಂ.ಮೀ. ಕೆಳಗಿತ್ತು. ಮರದ ಸುತ್ತುಗಳನ್ನು ಓದಿದಂತೆ ಅವರು ನಮ್ಮ ತಪ್ಪಿನ ತಾರೀಖನ್ನು ಓದಿದ್ದರು.

ವ್ಯಾಪಾರಿ ಮತ್ತೆ ಬಂದರು

ಸಂಜೆ ಆ ವ್ಯಾಪಾರಿ ಬಂದರು. ಪರೀಕ್ಷೆಯ ಹೊತ್ತಿನಲ್ಲಿ ಅವರು ಅಲ್ಲಿರಲಿಲ್ಲ. ಚುಟ್ಕಿ ಮರಳಿನ ಮೇಲೆ ಸುಮ್ಮನೆ ನಿಂತಿದ್ದಳು, ಮೈ ಹಾಗೆಯೇ ಮಿಂಚುತ್ತಿತ್ತು. “55ಕ್ಕೆ ಕೊಡಿ, ಈಗಲೇ ನಗದು” ಎಂದರು. ನಾಲ್ಕು ತಿಂಗಳ ಕಂತು ತೀರಿಸಿಯೂ ಕೈಯಲ್ಲಿ ಉಳಿಯುವ ಹಣ. ಅಬ್ಬಾ ದಾದಾ ಅವರಿಗೆ ಫೋನ್ ಮಾಡಿದರು. ಏನು ಮಾತಾಡಿದರೋ ನನಗೆ ಪೂರ್ತಿ ಕೇಳಲಿಲ್ಲ. ಫೋನ್ ಇಟ್ಟು, ವ್ಯಾಪಾರಿಯ ಕೈ ಹಿಡಿದು ಗೊರಸಿನ ಮೇಲೆ ಇಡಿಸಿದರು. “ಬಿಸಿ ಇದೆ ನೋಡಿ. ವೈದ್ಯರು ಹೀಗೆ ಹೀಗೆ ಹೇಳಿದ್ದಾರೆ. ಗುಣವಾಗಬಹುದು, ಆಗದೆಯೂ ಇರಬಹುದು. ಇದನ್ನು ಕೇಳಿದ ಮೇಲೂ ಬೇಕೆಂದರೆ ಬೆಲೆ ನೀವೇ ಹೇಳಿ” ಎಂದರು.

ವ್ಯಾಪಾರಿ ಸ್ವಲ್ಪ ಹೊತ್ತು ನಿಂತು ಹೊರಟುಹೋದರು. ನನಗೆ ಅಬ್ಬಾ ಮೇಲೆ ಸಿಟ್ಟು ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ದಾದಾ ಅವರನ್ನು ಕೇಳಿದೆ, ಫೋನಿನಲ್ಲಿ ಏನು ಹೇಳಿದಿರಿ ಎಂದು. ದಾದಾ ಹೇಳಿದರು: “ನಾನೇನೂ ಹೇಳಲಿಲ್ಲ ಬೇಟಾ. ‘ಹೇಳಿಬಿಡಲಾ’ ಅಂತ ಅವನೇ ಕೇಳಿದ. ಹೂಂ ಅಂದೆ. ದೋಷ ಮುಚ್ಚಿ ಮಾರಿದ ದುಡ್ಡು ಹಲಾಲ್ ಆಗೋದಿಲ್ಲ ಅಂತ ಅವನಿಗೂ ಗೊತ್ತು.”

ಬಾಕಿ ಕಂತಿಗಾಗಿ ಅಬ್ಬಾ ಮೂರು ತಿಂಗಳು ರಾತ್ರಿಯೂ ಆಟೋ ಓಡಿಸಿದರು.

ಈಗ ಏನು ಮಾಡುತ್ತಿದ್ದೇವೆ

ಕಾಳು, ಬೆಲ್ಲ, ಹಣ್ಣು ಅಂದಿನಿಂದಲೇ ಬಂದ್. ನಮ್ಮೂರಿನ ಪಶುವೈದ್ಯರು ನೋವಿಗೆ ಔಷಧ ಕೊಟ್ಟರು, ಮೊದಲ ದಿನಗಳಲ್ಲಿ ಕಾಲನ್ನು ತಣ್ಣೀರಿನಲ್ಲಿ ನಿಲ್ಲಿಸಲು ಹೇಳಿದರು. ಒಣ ಹುಲ್ಲನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಕೊಡುತ್ತೇವೆ. ಹುಲ್ಲಿನಲ್ಲಿರುವ ಸಕ್ಕರೆ ಸ್ವಲ್ಪ ಕರಗಿ ಹೋಗುತ್ತದೆ. ಆರು ವಾರಕ್ಕೊಮ್ಮೆ ನಾಲ್‌ಬಂದ್ ಬಂದು ಗೊರಸು ಕತ್ತರಿಸಿ ಸಮ ಮಾಡುತ್ತಾರೆ. ತೋಟದ ಕಾಕಾ ಈಗ ಬರಿಗೈಯಲ್ಲಿ ಬಂದು ಕತ್ತು ಸವರಿ ಹೋಗುತ್ತಾರೆ. ಚುಟ್ಕಿ ಮಾತ್ರ ಅವರ ಜೇಬು ಮೂಸುವುದನ್ನು ಬಿಟ್ಟಿಲ್ಲ.

ತೂಕದ ಯಂತ್ರ ಇಲ್ಲದೆ ಕುದುರೆಯ ತೂಕ ತಿಳಿಯಲು ಒಂದು ಸೂತ್ರವಿದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂ.ಮೀ.ನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಡಿಸೆಂಬರ್‌ನಲ್ಲಿ ಚುಟ್ಕಿಯ ಸುತ್ತಳತೆ 138, ಉದ್ದ 125. ತೂಕ ಸುಮಾರು 200 ಕಿಲೋ. ಈಗ ಸುತ್ತಳತೆ 130. ತೂಕ ಸುಮಾರು 178 ಕಿಲೋ. ಟೇಲರ್ ಟೇಪ್ ಒಂದಿದ್ದರೆ ಸಾಕು, ಮೊದಲೇ ತಿಂಗಳಿಗೊಮ್ಮೆ ಅಳೆದಿದ್ದರೆ ನಮಗೆ ಗೊತ್ತಾಗುತ್ತಿತ್ತು.

ಇನ್ನೊಂದು ಲೆಕ್ಕವೂ ಕಲಿತೆ. ಆರೋಗ್ಯವಾಗಿರುವ ಕುದುರೆ ಕೂಡ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ಭಾರ ಹೊರಬಾರದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. 178ರ ಶೇ. 20 ಎಂದರೆ ಸುಮಾರು 35 ಕಿಲೋ. ಜೀನು ಐದು ಕಿಲೋ ಕಳೆದರೆ ಉಳಿಯುವುದು 30 ಕಿಲೋದ ಮಗು. ಮೊದಲು ನಾವು ಕಾಲೇಜು ಹುಡುಗರನ್ನೂ ಕೂರಿಸಿದ್ದುಂಟು. ಈಗ ವೈದ್ಯರು ಒಪ್ಪಿದ ಮೇಲೆ ವಾರಕ್ಕೆ ಒಂದು ದಿನ, ಮಣ್ಣಿನ ನೆಲದಲ್ಲಿ, ಸಣ್ಣ ಮಕ್ಕಳನ್ನು ಮಾತ್ರ ಕೂರಿಸುತ್ತೇವೆ. ಆದಾಯ ಕಡಿಮೆ. ಜಾತ್ರೆ, ಉರುಸುಗಳಲ್ಲಿ ದೊಡ್ಡವರು ತಟ್ಟು ಏರುವುದನ್ನು ನೀವು ಕಂಡರೆ ದಯವಿಟ್ಟು ಈ ಲೆಕ್ಕ ಹೇಳಿ.

ಸರ್ ಕೇಳಿದ ಮೂರನೆಯ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ಪರೀಕ್ಷೆ ಮಾಡಿದವರು ಕಾಲನ್ನು ನೋಡಿದರು. ನಾವು ತಲೆಯಿಂದ ಶುರು ಮಾಡಿ ಹೊಳಪು, ಬಣ್ಣ, ಹಣೆಪಟ್ಟಿ ನೋಡುತ್ತ ಕಾಲಿಗೆ ಬರುವಷ್ಟರಲ್ಲಿ ನಿಂತುಬಿಟ್ಟಿದ್ದೆವು. ನಾವು ಬಹುಮಾನವಿಲ್ಲದೆ ಮರಳಿದೆವು. ಆದರೆ ಆ ದಿನ ಸಾಲಿನಲ್ಲಿ ನಿಲ್ಲದೆ ಇದ್ದಿದ್ದರೆ ಇನ್ನೊಂದು ತಿಂಗಳು ಬಾಳೆಹಣ್ಣು ತಿನ್ನಿಸುತ್ತಿದ್ದೆವು, ಆಮೇಲೆ ಚುಟ್ಕಿ ಏಳುತ್ತಿರಲಿಲ್ಲ.

ಆ ಉಬ್ಬು ಗೆರೆ ಈಗ ಗೊರಸಿನ ಕೆಳ ಅಂಚಿಗೆ ಬಂದಿದೆ. ನಾಲ್‌ಬಂದ್ ಮುಂದಿನ ಸಲ ಬಂದಾಗ ಅದು ಕತ್ತರಿಸಿ ಹೋಗುತ್ತದೆ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ನಾಲ್ಕೂ ಗೊರಸಿನ ಮೇಲೆ ಕೈ ಇಟ್ಟು ನೋಡುತ್ತೇನೆ. ತಣ್ಣಗಿದ್ದರೆ ಕಾಲೇಜಿಗೆ ಬರುತ್ತೇನೆ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ